ಚೇತರಿಕೆಗೆ ಗಡುವು ಬೇಡ

ಮಾನ್ಯ ಸಂಪಾದಕರೇ,

ಖಿನ್ನತೆಯಿಂದಲೂ ತಮಗೆ ತಾವೇ ಗಾಯ ಮಾಡಿಕೊಳ್ಳುವ ಚಾಳಿಯಿಂದಲೂ ಹೊರಬರುತ್ತಿರುವ ಹದಿಹರೆಯದವರನ್ನು ‘ಈಗ ಸರಿಹೋಯಿತಲ್ಲ?’ ಎಂದು ಮನೆಯವರು ಪದೇ ಪದೇ ಕೇಳುವುದು, ಕಾಳಜಿಯಿಂದಲೇ ಕೇಳಿದರೂ, ಅವರನ್ನು ಇನ್ನಷ್ಟು ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆಗಳ ಪೂರ್ಣ ಪರಿಣಾಮ ಕಾಣಲು ಸಾಮಾನ್ಯವಾಗಿ 4ರಿಂದ 8 ವಾರ ಹಿಡಿಯುತ್ತದೆ. ಆರಂಭದಲ್ಲಿ ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಎಚ್ಚರಿಸಿರುವುದರಿಂದ ಆ ದಿನಗಳಲ್ಲಿ ನಿಗಾ ಅತ್ಯಗತ್ಯ. ಗೆಲುವಾಗಿ ಕಂಡರೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದಂತೂ ತರವಲ್ಲ. ವಾರಗಟ್ಟಲೆ ಮಾತಿಲ್ಲದಿದ್ದ ಹುಡುಗಿ ಒಂದು ಸಂಜೆ ತಾನಾಗಿಯೇ ತಲೆ ಬಾಚಿಕೊಂಡು ಊಟಕ್ಕೆ ಬಂದು ಕುಳಿತು, ಮರುದಿನ ಮತ್ತೆ ಕೋಣೆಯ ಬಾಗಿಲು ಹಾಕಿಕೊಳ್ಳಬಹುದು. ಚೇತರಿಕೆಯ ದಾರಿ ಹೀಗೆಯೇ ಇರುತ್ತದೆ. ತೋಳಿನಲ್ಲಿ ಹೊಸ ಗಾಯ ಕಂಡಾಗ ಗದರದೆ, ಆಣೆ ಹಾಕಿಸಿಕೊಳ್ಳದೆ, ಆಪ್ತಸಮಾಲೋಚಕರಿಗೆ ಕೂಡಲೇ ತಿಳಿಸಬೇಕು. ಶಾಲೆಗಳೂ ಹಾಜರಾತಿಯ ಬಿಗಿಯನ್ನು ಸಡಿಲಿಸಿ, ಇಂಥ ಮಕ್ಕಳಿಗೆ ಮೊದಲು ಅರ್ಧ ದಿನವಷ್ಟೇ ಬರಲು ಅವಕಾಶ ನೀಡಲಿ.

– ಓರ್ವ ಪೋಷಕಿ