ಹೊಸ ಡ್ರೈಯರ್ ಕೊಳ್ಳುವ ಮುನ್ನ

ಪ್ರಿಯ ಗೆಳೆಯ,

ಒಂದು ಸಲದ ಬಟ್ಟೆ ಒಣಗಲು ಎರಡು ಗಂಟೆ ಹಿಡಿಯುತ್ತಿದೆ, ಡ್ರೈಯರ್‌ಗೆ ವಯಸ್ಸಾಯಿತು, ಹೊಸದು ತರುತ್ತೇನೆ ಎಂದು ಬರೆದಿದ್ದೀಯ. ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡು. ಯಂತ್ರ ಓಡುತ್ತಿರುವಾಗ ಮನೆಯ ಹೊರಗೆ ಹೋಗಿ, ಅದರ ಗಾಳಿ ಹೊರಬೀಳುವ ಕಡೆ ಕೈಯೊಡ್ಡಿ ನೋಡು. ಬಿಸಿಗಾಳಿ ರಭಸವಾಗಿ ತಾಕಬೇಕು, ಅಲ್ಲಿನ ಮುಚ್ಚಳ ತಾನಾಗಿ ಎದ್ದಿರಬೇಕು. ಹಾಗಿಲ್ಲವಾದರೆ ಅದಕ್ಕೆ ಮೂಗು ಕಟ್ಟಿದೆ, ಅಷ್ಟೆ.

ಇದನ್ನು ನಾನು ಪೆಟ್ಟು ತಿಂದು ಕಲಿತವನು. ನಮ್ಮ ಡ್ರೈಯರ್ ಒಂದು ದಿನ ತಿರುಗುತ್ತಿತ್ತು, ಬಿಸಿಯಾಗುತ್ತಿರಲಿಲ್ಲ. ರಿಪೇರಿಯವನು ಬಂದು ಒಳಗಿನ ಫ್ಯೂಸ್ ಬದಲಿಸಿ ಹೋದ. ಮೂರು ತಿಂಗಳಿಗೆ ಅದೂ ಸುಟ್ಟಿತು. ಅವನನ್ನೂ ಬೈದೆ, ಯಂತ್ರವನ್ನೂ ಬೈದೆ. ಬಿಸಿ ಮಿತಿಮೀರಿದಾಗ ತಾನು ಸತ್ತು ಮನೆಯನ್ನು ಉಳಿಸುವುದಕ್ಕೆಂದೇ ಆ ಪುಟ್ಟ ಫ್ಯೂಸ್ ಇರುವುದು ಎಂದು ಹೊಳೆಯಲೇ ಇಲ್ಲ. ಕೊನೆಗೆ ಯಂತ್ರವನ್ನು ಎಳೆದು ನೋಡಿದರೆ, ಜಾಗ ಉಳಿಸಲು ನಾನೇ ಅದನ್ನು ಗೋಡೆಗೆ ಒತ್ತಿಟ್ಟು, ಬಿಸಿಗಾಳಿಯನ್ನು ಹೊರಗೊಯ್ಯುವ ಹಿಂದಿನ ಫಾಯಿಲ್ ಕೊಳವೆಯನ್ನು ಚಪ್ಪಟೆ ಮಾಡಿದ್ದೆ. ಅದರ ಮಡಿಕೆ ಮಡಿಕೆಯಲ್ಲೂ ಬಟ್ಟೆಯಿಂದ ಉದುರಿದ ಎಳೆಗಳ ಜುಂಗು, ತೇವ ಹೀರಿ ಕಂಬಳಿಯಂತೆ ಮೆತ್ತಿಕೊಂಡಿತ್ತು.

ಪ್ರತಿ ಸಲವೂ ಡ್ರೈಯರ್‌ನೊಳಗೆ ಜುಂಗು ಹಿಡಿಯುವ ಜಾಲರಿಯಿಂದ ಅದನ್ನು ತೆಗೆಯುತ್ತೇನೆ ಎನ್ನುತ್ತೀಯ. ನಂಬುತ್ತೇನೆ. ಆದರೆ ಜಾಲರಿ ಎಲ್ಲವನ್ನೂ ಹಿಡಿಯುವುದಿಲ್ಲ; ನವಿರಾದ ಎಳೆಗಳು ನುಸುಳಿ ಕೊಳವೆ ಸೇರುತ್ತವೆ. ನೀನು ಬಟ್ಟೆಯ ಜೊತೆ ಹಾಕುವ ಸುವಾಸನೆಯ ಹಾಳೆಗಳು ಜಾಲರಿಗೆ ಕಣ್ಣಿಗೆ ಕಾಣದ ಪೊರೆಯನ್ನೂ ಹಚ್ಚಬಹುದು. ನಲ್ಲಿಯ ಕೆಳಗೆ ಹಿಡಿದು ನೋಡು. ನೀರು ಇಳಿಯದೆ ನಿಂತರೆ ಸೋಪುನೀರು, ಮೆತ್ತನೆಯ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ ಹಾಕು. ಈ ಜುಂಗನ್ನು ಸಾಮಾನ್ಯ ಧೂಳೆಂದು ತಿಳಿಯಬೇಡ. ಕಾಡಿನಲ್ಲಿ ಡೇರೆ ಹಾಕುವವರು ಬೆಂಕಿ ಹೊತ್ತಿಸಲು ಇದನ್ನೇ ಕೂಡಿಟ್ಟು ಒಯ್ಯುತ್ತಾರೆ.

ಕೊಳವೆಗೆ ಕೈಹಾಕುವ ಮೊದಲು ಪ್ಲಗ್ ಕಿತ್ತುಬಿಡು. ನಿನ್ನದು ಗ್ಯಾಸಿನದಾದರೆ ವಾಲ್ವ್ ಮುಚ್ಚು. ಗ್ಯಾಸಿನ ಪೈಪು ಜಗ್ಗುವಂತಿದ್ದರೆ ತಿಳಿದವರನ್ನು ಕರೆ, ಅಲ್ಲಿ ಜಾಣತನ ಬೇಡ. ಗ್ಯಾಸಿನ ಡ್ರೈಯರ್‌ನ ಕೊಳವೆ ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಮನೆಯೊಳಕ್ಕೇ ತಿರುಗಬಹುದು, ಅದಕ್ಕೆ ವಾಸನೆಯೂ ಇಲ್ಲ. ಕೊಳವೆ ಬಿಚ್ಚಿದ ಮೇಲೆ ಉದ್ದ ಹಿಡಿಯ ಬ್ರಷ್ಷನ್ನು ಎರಡೂ ತುದಿಯಿಂದ ಆಡಿಸಿ, ಉಳಿದದ್ದನ್ನು ವ್ಯಾಕ್ಯೂಮ್‌ನಿಂದ ಎಳೆ. ಫಾಯಿಲ್ ಅಥವಾ ಪ್ಲಾಸ್ಟಿಕ್ ಕೊಳವೆಯಿದ್ದರೆ ಎಸೆದು, ಒಳಮೈ ನುಣುಪಾದ ಗಟ್ಟಿ ಲೋಹದ್ದನ್ನು ಹಾಕಿಸು. ಸಾಮಾನ್ಯವಾಗಿ 4 ಇಂಚು ವ್ಯಾಸದ್ದು ಬೇಕಾಗುತ್ತದೆ. ಅದು ಎಷ್ಟು ಗಿಡ್ಡವೋ, ಎಷ್ಟು ನೇರವೋ ಅಷ್ಟು ಒಳ್ಳೆಯದು. ಸೇರುವೆಗಳಿಗೆ ಅಲ್ಯೂಮಿನಿಯಂ ಟೇಪು ಸುತ್ತು. ಸ್ಕ್ರೂ ಹೊಡೆದರೆ ಅದರ ಮೊನೆ ಒಳಗೆ ಚಾಚಿ ಜುಂಗನ್ನು ಸಿಕ್ಕಿಸಿಕೊಳ್ಳುತ್ತದೆ. ಹಕ್ಕಿ ನುಗ್ಗುತ್ತದೆಂದು ಹೊರಬಾಯಿಗೆ ಸಣ್ಣ ಕಣ್ಣಿನ ಬಲೆ ಬಿಗಿಯಬೇಡ. ನಾನು ಬಿಗಿದಿದ್ದೆ, ಕೆಲವೇ ವಾರಗಳಲ್ಲಿ ಅದು ಜುಂಗಿನ ಗೋಡೆಯಾಗಿತ್ತು. ವರ್ಷಕ್ಕೊಮ್ಮೆ ಇದಿಷ್ಟು ಮಾಡಿದರೆ ಸಾಕು, ನಿಮ್ಮ ನಾಯಿಯ ಕೂದಲಿನ ಲೆಕ್ಕದಲ್ಲಿ ಎರಡು ಸಲ.

ಎಣ್ಣೆಯಾದ, ಥಿನ್ನರ್ ತಾಗಿದ ಬಟ್ಟೆಯನ್ನು ಒಗೆದ ಮೇಲೂ ಡ್ರೈಯರ್‌ಗೆ ಹಾಕಬೇಡ, ಅದು ಹೊತ್ತಿಕೊಳ್ಳಬಹುದು; ಎಣ್ಣೆಯಾದದ್ದಂತೂ ತಾನಾಗಿಯೇ ಕಾವು ಏರಿಯೂ ಹೊತ್ತೀತು. ರಾತ್ರಿ ಯಂತ್ರ ಓಡಲು ಬಿಟ್ಟು ಮಲಗುವ ನಿನ್ನ ಅಭ್ಯಾಸವನ್ನೂ ನಿಲ್ಲಿಸು.

ಇಷ್ಟಾದರೂ ಹೊಸದೇ ಬೇಕೆಂದರೆ, ಗಾಳಿಯನ್ನು ಹೊರಗೆ ಬಿಡದೆ ಒಳಗೇ ಮತ್ತೆ ಮತ್ತೆ ಬಳಸುವ, ಹಾಗಾಗಿ ಆ ಕೊಳವೆಯೇ ಇಲ್ಲದ ಹೀಟ್ ಪಂಪ್ ಡ್ರೈಯರ್‌ಗಳಿವೆ. ಆದರೆ ಅವುಗಳಲ್ಲೂ ಜಾಲರಿ ಇರುತ್ತದೆ, ಸೋಮಾರಿಗೆ ಅಲ್ಲೂ ಬಿಡುಗಡೆಯಿಲ್ಲ.

ಈ ಭಾನುವಾರ ಕೊಳವೆ ಬಿಚ್ಚಿ, ಎಷ್ಟು ಜುಂಗು ಸಿಕ್ಕಿತೆಂದು ಬರೆ. ನಮ್ಮದರಲ್ಲಿ ಒಂದು ಬಕೆಟ್ ಸಿಕ್ಕಿತ್ತು, ಬಹುಪಾಲು ನನ್ನ ಹಳೆಯ ನೀಲಿ ಟವೆಲಿನ ಬಣ್ಣದ್ದು.

ಇಂತಿ ನಿನ್ನ ಗೆಳೆಯ