ಕೆಂಪು ದೀಪ ಹತ್ತಿದ ಮೇಲೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರುತ್ತಾಳೆ, ಬಿಡು. ಜಪಾನಿನಿಂದ ನೀನು ಬರೆದ ನಾಲ್ಕು ಪುಟದ ಪತ್ರದಲ್ಲಿ ನಾನು ಒಂದೇ ಸಾಲಿಗೆ ಸಿಕ್ಕಿಕೊಂಡಿದ್ದೇನೆ. ‘ಕೆಂಪು ದೀಪ ಹತ್ತಿತು ದೊಡ್ಡಪ್ಪ, ಆದರೂ ಏಳಲಿಲ್ಲ. ಹೋದರೆ ಹೋಗಲಿ ಅಂತ ಕೂತೇ ಇದ್ದೆ.’ ತಮಾಷೆ ಅಂತ ಬರೆದಿದ್ದೀಯ. ನನಗೆ ನಗು ಬರಲಿಲ್ಲ.

ಮೊದಲಿನದೆಲ್ಲ ಖುಷಿಯಿಂದಲೇ ಓದಿದೆ. ಸ್ಟೇಷನ್ ಕಟ್ಟಡದೊಳಗೇ ಬಿಸಿನೀರಿನ ಸ್ನಾನ, ಬಚ್ಚಲಿನ ಗೋಡೆಯಲ್ಲಿ ಸಿಗ್ನಲ್ ದೀಪ! ರೈಲಿಗೆ 45 ನಿಮಿಷ ಇರುವಾಗ ಹಸಿರು, 30 ಇರುವಾಗ ಹಳದಿ, 15 ಇರುವಾಗ ಕೆಂಪು. ಆ ಹಸಿರನ್ನು ಜಪಾನಿನವರು ನೀಲಿ ಅಂತಾರಂತಲ್ಲ, ಇರಲಿ. 1989ರಲ್ಲೇ ಇಂಥದ್ದು ಮಾಡಿದ್ದಾರೆ ಅಂದರೆ ಆ ಪುಣ್ಯಾತ್ಮರಿಗೆ ಕೈ ಮುಗಿಯಬೇಕು. ಸ್ಟೇಷನ್ ಹೆಸರು ‘ಹೊಟ್ಟೊ ಯುದಾ’ ಅಂತ ಓದಿ ಹೇಳಿದರೆ ನಿಮ್ಮ ದೊಡ್ಡಮ್ಮ ‘ಹೊಟ್ಟೆ ಯುದ್ಧವಾ?’ ಅಂದಳು. ಹೊಟ್ಟೊ ಅಂದರೆ ಅವರಲ್ಲಿ ಉಸ್ಸಪ್ಪಾ ಅಂತ ನಿರಾಳವಾಗೋದು ಅಂತ ನೀನೇ ಬರೆದಿದ್ದೀಯಲ್ಲ, ಅದನ್ನೂ ಹೇಳಿದೆ. ಆಮೇಲೆ ಆ ಸಾಲು ಬಂತು. ಅದನ್ನು ಅವಳಿಗೆ ಓದಿ ಹೇಳಲಿಲ್ಲ.

ನನ್ನ ರೈಲ್ವೆ ಸರ್ವೀಸಿನುದ್ದಕ್ಕೂ ಕೆಂಪು ಅಂದರೆ ನಿಲ್ಲು. ಅಲ್ಲಿ ಕೆಂಪು ಅಂದರೆ ಏಳು, ಮೈ ಒರೆಸಿಕೋ, ಓಡು. ಆ ಸ್ಟೇಷನ್ ಇರುವ ಕಿತಕಾಮಿ ಲೈನಿನಲ್ಲಿ ಒಂದು ರೈಲು ಹೋದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು, ಹೊರಗೆ ಆಳೆತ್ತರದ ಹಿಮ ಅಂತ ನೀನೇ ಬರೆದಿದ್ದೀಯ. ಅದು ಗೊತ್ತಿದ್ದೂ ಏಳಲಿಲ್ಲ ಅಲ್ವಾ? ನೀರು ಹಿತವಾಗಿತ್ತು, ಅದಕ್ಕೇ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡು ಮಲಗಿದೆ. ನಿದ್ದೆ ಬರಲಿಲ್ಲ.

ಬಿಸಿನೀರಿನಲ್ಲಿ ಜಾಸ್ತಿ ಹೊತ್ತು ಕೂರಬೇಡ, ತಲೆ ಸುತ್ತುತ್ತೆ. ಒದ್ದೆ ಕೂದಲಲ್ಲಿ ಹೊರಗೆ ಬರಬೇಡ. ಇದೆಲ್ಲ ನಿನಗೆ ಗೊತ್ತು, ಸುಮ್ನೆ ಬರೆದೆ.

ನಿದ್ದೆ ಬಾರದ್ದಕ್ಕೆ ಕಾರಣ ಬೇರೆ ಇದೆ. ಸಕಲೇಶಪುರದ ಕೆಳಗೆ ಘಾಟಿಯಲ್ಲಿ ನಾನಿದ್ದ ಸ್ಟೇಷನ್ ನೆನಪಿದೆಯಲ್ಲ. 1996ರಲ್ಲಿ ಅಲ್ಲಿನ ಮೀಟರ್ ಗೇಜ್ ರೈಲು ನಿಲ್ಲೋದಕ್ಕೆ ಏಳೆಂಟು ವರ್ಷ ಹಿಂದಿನ ಮಾತು. ಮಳೆ ಹಿಡಿದರೆ ಇಂಬಳ ಹೊಸಿಲು ದಾಟಿ ಬರುತ್ತಿತ್ತು. ಅಲ್ಲಿ ಹಳಿ ಬದಲಿಸೋ ಒಬ್ಬ ಪಾಯಿಂಟ್ಸ್‌ಮ್ಯಾನ್ ಇದ್ದ. ಸಿಗ್ನಲ್ ದೀಪದ ಗಾಜನ್ನು ಪಂಚೆಯ ತುದಿಯಲ್ಲಿ ಫಳಫಳ ಅನ್ನುವ ಹಾಗೆ ಒರೆಸುತ್ತಿದ್ದ. ಆ ಆಷಾಢದಲ್ಲಿ ಗಾಜಿನ ಮೇಲೆ ಮಸಿ ಹಾಗೇ ಉಳಿಯತೊಡಗಿತು. ಕೇಳಿದ್ದಕ್ಕೆ ‘ಯಾಕೋ ಏಳೋಕೇ ಮನಸ್ಸಾಗಲ್ಲ ಸಾರ್’ ಅಂದ. ನಾನೇನು ಮಾಡಿದೆ ಗೊತ್ತಾ? ‘ಕಷಾಯ ಕುಡಿದು ಮಲಗು, ಸರಿಹೋಗುತ್ತೆ’ ಅಂದೆ. ಮಸಿ ಬಗ್ಗೆ ಬೈದೆ ಕೂಡ. ಅವನ ಕ್ವಾರ್ಟರ್ಸ್ ನಮ್ಮ ಮನೆಯಿಂದ ಇಪ್ಪತ್ತು ಹೆಜ್ಜೆ. ಒಲೆ ಹೊಗೆ ಏಳದೆ ಎರಡು ದಿನ ಆಗಿತ್ತು, ನೋಡಿದ್ದೆ. ಹೋಗಿ ಕೂರಲಿಲ್ಲ. ಮೂರನೇ ದಿನ ಗಂಟು ಕಟ್ಟಿಕೊಂಡು ಕೆಳಗಿಳಿಯುವ ಗೂಡ್ಸ್‌ನಲ್ಲಿ ಹೋದ. ಎಲ್ಲಿಗೆ ಹೋದ, ಏನಾದ, ಯಾರಿಗೂ ಗೊತ್ತಾಗಲಿಲ್ಲ. ರಿಜಿಸ್ಟರಿನಲ್ಲಿ ಗೈರುಹಾಜರಿ ಬರೆದು ಸಹಿ ಹಾಕಿದವನು ನಾನೇ.

ನಿನ್ನನ್ನು ಅವನಿಗೆ ಹೋಲಿಸಬಾರದು, ತಪ್ಪು. ನೀನು ಗಟ್ಟಿ ಹುಡುಗಿ. ಅವನೂ ಗಟ್ಟಿಗನೇ ಆಗಿದ್ದ, ಅದೇ ತೊಂದರೆ.

ಆಫೀಸಿನಲ್ಲಿ ಡಾಕ್ಟರ ಹತ್ತಿರ ಮಾತಾಡೋ ಅನುಕೂಲ ಇದ್ದರೆ ಒಮ್ಮೆ ಮಾತಾಡು. ಈ ಕಾಲದವರು ಇದಕ್ಕೆ ನಾಚಿಕೊಳ್ಳಲ್ಲ ಅಂತ ಕೇಳಿದ್ದೇನೆ. ಅನ್ನ ಸಾರು ಮಾಡಿಕೋ, ಆ ಪೊಟ್ಟಣದ ನೂಡಲ್ಸ್ ದಿನಾ ಬೇಡ. ನಮಗೂ ನಿಮಗೂ ಮೂರೂವರೆ ಗಂಟೆ ವ್ಯತ್ಯಾಸ. ನಿನಗೆ ರಾತ್ರಿ ಎರಡಕ್ಕೆ ಎಚ್ಚರವಾದರೆ ಇಲ್ಲಿ ಹತ್ತೂವರೆ, ನಾನು ಎದ್ದೇ ಇರುತ್ತೇನೆ. ಆಮೇಲಾದರೂ ಪರವಾಗಿಲ್ಲ, ಮುದುಕರ ನಿದ್ದೆ ಎಷ್ಟರದು. ಅಮ್ಮನಿಗೆ ಇದನ್ನೆಲ್ಲ ಹೇಳಬೇಡ ಅಂತಾದರೆ ಹೇಳಲ್ಲ.

ಚಟ್ನಿಪುಡಿ ಕಳಿಸುತ್ತಿದ್ದೇವೆ. ಉತ್ತರ ಉದ್ದಕ್ಕೆ ಬರೆಯಬೇಕಾಗಿಲ್ಲ. ಆವತ್ತು ಕೆಂಪು ಹತ್ತಿದಾಗ ನಿನಗೆ ಏಳೋಕೆ ಇಷ್ಟ ಆಗಲಿಲ್ಲವೋ, ಏಳೋಕೇ ಆಗಲಿಲ್ಲವೋ? ಅಷ್ಟು ಬರೆದು ಕಳಿಸು.

ನಿನ್ನ
ದೊಡ್ಡಪ್ಪ