ಅಳೆಯಬೇಕಾದ್ದು ಮಗು ಮಲಗಿದ್ದ ಕೋಣೆಯ ಗಾಳಿಯನ್ನು

ಮಾನ್ಯ ಸಂಪಾದಕರೇ,

ವಾಯುಮಾಲಿನ್ಯಕ್ಕೂ ಹಠಾತ್ ಶಿಶು ಮರಣಕ್ಕೂ (ವರ್ಷ ತುಂಬದ ಮಗು ಕಾರಣ ತಿಳಿಯದೆ ನಿದ್ದೆಯಲ್ಲೇ ತೀರಿಕೊಳ್ಳುವುದಕ್ಕೂ) ನಂಟಿದೆ ಎಂಬ ಸುದ್ದಿ ಬಂದಾಗಲೆಲ್ಲ ಶೀರ್ಷಿಕೆಯಲ್ಲಿ ಶೇಕಡಾವಾರು ಅಂಕಿಯೊಂದು ಇದ್ದೇ ಇರುತ್ತದೆ. ಅದನ್ನು ಲೆಕ್ಕ ಹಾಕಿದ್ದು ಹೇಗೆ ಎಂಬುದು ಮಾತ್ರ ಇರುವುದಿಲ್ಲ. ಮಾಲಿನ್ಯ ಅಳೆಯುವ ಕೇಂದ್ರ ಇರುವುದು ಎಲ್ಲೋ ಬಯಲಿನಲ್ಲಿ, ಮಗು ತೀರಿಕೊಂಡಿದ್ದು ಮನೆಯೊಳಗಿನ ಕೋಣೆಯಲ್ಲಿ. ಈ ವಿಷಯದ ಸಂಶೋಧನೆ ಮುಗ್ಗರಿಸುತ್ತಿರುವುದೇ ಇಲ್ಲಿ.

ಅಮೆರಿಕದ 86 ಮಹಾನಗರ ಪ್ರದೇಶಗಳ ಸುಮಾರು 40 ಲಕ್ಷ ಶಿಶುಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಹುಟ್ಟಿದ ಮೊದಲ ಎರಡು ತಿಂಗಳಲ್ಲಿ ಹೊರಗಿನ ಗಾಳಿಯಲ್ಲಿ ಪಿಎಂ 10 ಕಣಗಳು (10 ಮೈಕ್ರಾನ್‌ ಅಥವಾ ಅದಕ್ಕಿಂತ ಚಿಕ್ಕ ಧೂಳಿನ ಕಣಗಳು) ಹೆಚ್ಚಿದ್ದ ಊರುಗಳಲ್ಲಿ, ಸಹಜ ತೂಕದ ಶಿಶುಗಳ ಹಠಾತ್ ಮರಣದ ಸಾಧ್ಯತೆ ಶೇ 26ರಷ್ಟು ಹೆಚ್ಚು ಕಂಡಿತು. ಲಕ್ಷ ಜನನಕ್ಕೆ 40 ಸಾವು ಸಂಭವಿಸುವ ಕಡೆ ಅದು ಸುಮಾರು 50 ಆಗುತ್ತದೆ ಎಂದರ್ಥ. ಕಡೆಗಣಿಸುವ ಸಂಖ್ಯೆಯಲ್ಲ. ಆದರೆ ಊರಿಗೂ ಊರಿಗೂ ಬಡತನ, ವಸತಿ, ಧೂಮಪಾನದ ಪ್ರಮಾಣ ಎಲ್ಲವೂ ಬೇರೆ. ಅದನ್ನೆಲ್ಲ ಲೆಕ್ಕದಲ್ಲಿ ಪೂರ್ತಿ ಸರಿದೂಗಿಸುವುದು ಕಷ್ಟ.

ಇದಕ್ಕೆ ಒಂದು ಉಪಾಯವಿದೆ. ಮಗು ತೀರಿಕೊಂಡ ದಿನದ ಗಾಳಿಯನ್ನು ಅದೇ ತಿಂಗಳಲ್ಲಿ ಅದೇ ವಾರ (ಸೋಮವಾರವಾದರೆ ಸೋಮವಾರವೇ) ಬಂದ ಬೇರೆ ದಿನಗಳ ಗಾಳಿಯೊಂದಿಗೆ ಹೋಲಿಸುವುದು. ಮಗುವೂ ಅದೇ, ಮನೆಯೂ ಅದೇ, ಹಾಸಿಗೆಯೂ ಅದೇ ಆದ್ದರಿಂದ ಆ ವ್ಯತ್ಯಾಸಗಳು ತಾವಾಗಿಯೇ ಕಳೆದುಹೋಗುತ್ತವೆ. ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲಿ 1996ರಿಂದ 2006ರವರೆಗಿನ 211 ಸಾವುಗಳನ್ನು ಹೀಗೆ ನೋಡಿದಾಗ ಪಿಎಂ 10 ಮತ್ತು ನೈಟ್ರೋಜನ್ ಡೈಆಕ್ಸೈಡ್ ಜತೆ ನಂಟು ಕಂಡಿತು. ಆದರೂ ದಿನದಿಂದ ದಿನಕ್ಕೆ ಬದಲಾಗುವ ಚಳಿ, ನೆಗಡಿ-ಜ್ವರದ ಹಾವಳಿ ಈ ಜರಡಿಯಲ್ಲೂ ನುಸುಳಿಬಿಡುತ್ತವೆ.

ಸಾವಿನ ವರ್ಗೀಕರಣದ ತೊಡಕು ಇನ್ನೊಂದು. ಮರಣೋತ್ತರ ಪರೀಕ್ಷೆ, ಸ್ಥಳ ಪರಿಶೀಲನೆ, ಆರೋಗ್ಯದ ಹಿನ್ನೆಲೆ ಈ ಮೂರನ್ನೂ ನೋಡಿದ ಮೇಲೂ ಕಾರಣ ಸಿಗದಿದ್ದರೆ ಮಾತ್ರ ಅದು ಹಠಾತ್ ಶಿಶು ಮರಣ. ಒಂದೇ ಬಗೆಯ ಸಾವನ್ನು ಒಬ್ಬ ವೈದ್ಯರು ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ಹಠಾತ್ ಶಿಶು ಮರಣದ ಸಂಕೇತವಾದ ಆರ್95 ಎಂದು ಬರೆದರೆ, ಇನ್ನೊಬ್ಬರು 'ಕಾರಣ ತಿಳಿದಿಲ್ಲ' ಎಂದು ಆರ್99ಕ್ಕೆ, ಮತ್ತೊಬ್ಬರು ಹಾಸಿಗೆಯಲ್ಲಿ ಉಸಿರುಗಟ್ಟಿದ್ದು ಎಂದು ಡಬ್ಲ್ಯು75ಕ್ಕೆ ಸೇರಿಸುತ್ತಾರೆ. ಗಾಳಿ ಬದಲಾಗದೆಯೇ ಅಂಕಿ ಏರಬಹುದು, ಇಳಿಯಬಹುದು.

ಇಷ್ಟೆಲ್ಲ ಅನುಮಾನಗಳ ನಡುವೆ ಗಟ್ಟಿಯಾಗಿ ನಿಂತಿರುವುದು ತಂಬಾಕಿನ ಹೊಗೆ. ಗರ್ಭದಲ್ಲಿರುವಾಗ ತಲುಪಿದ ನಿಕೋಟಿನ್, ಉಸಿರಾಟವನ್ನು ನಿಯಂತ್ರಿಸುವ ಮೆದುಳುಕಾಂಡದ ಬೆಳವಣಿಗೆಯನ್ನು ಕೆಡಿಸುತ್ತದೆ. ಆಮ್ಲಜನಕ ಕಡಿಮೆಯಾದಾಗ ಎಚ್ಚೆತ್ತು ಮುಖ ತಿರುಗಿಸಿಕೊಳ್ಳುವ ಶಕ್ತಿಯೇ ಮಗುವಿಗೆ ಕುಂದುತ್ತದೆ. ಎರಡರಿಂದ ನಾಲ್ಕು ತಿಂಗಳ ವಯಸ್ಸು, ಬೋರಲು ಮಲಗಿಸಿದ್ದು, ಮೆತ್ತನೆಯ ಹಾಸಿಗೆ ಎಲ್ಲವೂ ಕೂಡಿಬಂದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಗರ್ಭಿಣಿ ದಿನಕ್ಕೆ ಒಂದೇ ಸಿಗರೇಟು ಸೇದಿದರೂ ಅಪಾಯ ದುಪ್ಪಟ್ಟಾಗುತ್ತದೆಂದು 2019ರ ಅಮೆರಿಕದ ವಿಶ್ಲೇಷಣೆ ತೋರಿಸಿದೆ. ಹೊರಗಿನ ಮಾಲಿನ್ಯದ ವರದಿ ಬರೆಯುವಾಗ ಇದನ್ನು ಬಿಡಬಾರದು.

ಅವಸರದ ತೀರ್ಮಾನದಿಂದ ಏನಾಗುತ್ತದೆ ಎಂಬುದಕ್ಕೆ ಹಾಸಿಗೆಯ ಪ್ರಕರಣವೇ ಸಾಕ್ಷಿ. ಹಾಸಿಗೆಯ ಪ್ಲಾಸ್ಟಿಕ್ಕಿನಲ್ಲಿರುವ ಆಂಟಿಮನಿ ಎಂಬ ಲೋಹಾಭದಿಂದ ಶಿಲೀಂಧ್ರವು ವಿಷಾನಿಲ ಹುಟ್ಟಿಸುತ್ತದೆ ಎಂಬ ವಾದ 1989ರಲ್ಲಿ ಬ್ರಿಟನ್ನಿನಲ್ಲಿ ಎದ್ದಿತು. ಪೋಷಕರು ದಿಗಿಲುಬಿದ್ದರು. 1998ರಲ್ಲಿ, ಈ ವಾದವನ್ನು ಪರಿಶೀಲಿಸಿದ ಲಿಮರಿಕ್ ತಜ್ಞರ ಸಮಿತಿ ಇದಕ್ಕೆ ಆಧಾರವಿಲ್ಲ ಎಂದಿತು. ಬೇರೆ ಕಾರಣಕ್ಕೆ ತೀರಿಕೊಂಡ ಶಿಶುಗಳಲ್ಲೂ ಆಂಟಿಮನಿ ಇತ್ತು.

ಹಾಗಾದರೆ ಆಗಬೇಕಾದ್ದೇನು? ಸ್ಥಳಕ್ಕೆ ಹೋದ ತನಿಖಾಧಿಕಾರಿಯ ಬಳಿ ಕಾರ್ಬನ್ ಮೊನಾಕ್ಸೈಡ್ (ಒಲೆ, ಹೀಟರ್ ಸರಿಯಾಗಿ ಉರಿಯದಾಗ ಬರುವ ವಿಷಾನಿಲ) ಅಳೆಯುವ ಮೀಟರ್ ಇರಬೇಕು. ಕೋಣೆಯೊಳಗೆ ಕಾಲಿಡುವಾಗಲೇ ಅದರ ಅಂಕಿ ನೋಡಿ ಬರೆದುಕೊಳ್ಳಬೇಕು. ಬಾಗಿಲು-ಕಿಟಕಿ ತೆರೆದ ಕೆಲವೇ ನಿಮಿಷಗಳಲ್ಲಿ ಅನಿಲ ಚದುರುತ್ತದೆ, ಆಮೇಲೆ ಅಳೆದು ಪ್ರಯೋಜನವಿಲ್ಲ. ಮೊದಲೇ ತೆರೆದಿದ್ದರೆ ಅದನ್ನೂ ದಾಖಲಿಸಬೇಕು. ಕೋಣೆಯ ಉಷ್ಣಾಂಶ, ಒಲೆ ಅಥವಾ ಹೀಟರ್ ಎಷ್ಟು ದೂರ, ಮಗುವಿನ ಮೇಲೆ ಎಷ್ಟು ಪದರ ಬಟ್ಟೆ ಎಂಬುದು ಬೇಕು. ಪೋಷಕರಿಗೆ ನಿಧಾನವಾಗಿ ವಿವರಿಸಿ, ಅವರು ಒಪ್ಪಿದರೆ, ಮಗು ಮಲಗಿದ್ದ ಭಂಗಿಯನ್ನು ಗೊಂಬೆಯೊಂದರಿಂದ ತೋರಿಸಲು ಕೇಳಿ ಫೋಟೊ ತೆಗೆಯಬೇಕು.

ಶವಾಗಾರದಲ್ಲಿ ರಕ್ತವನ್ನು ಗಾಳಿಗೆ ಜಾಗವಿಲ್ಲದಂತೆ ಕೊಳವೆಯ ಬಾಯಿವರೆಗೂ ತುಂಬಿಸಿ ಮುಚ್ಚಬೇಕು. ಇದು ಕಾರ್ಬನ್ ಮೊನಾಕ್ಸೈಡ್ ಪರೀಕ್ಷೆಗೆ. ರಕ್ತ ಅಥವಾ ಮೂತ್ರದಲ್ಲಿನ ಕೋಟಿನೈನ್ (ನಿಕೋಟಿನ್ ದೇಹದಲ್ಲಿ ಮಾರ್ಪಟ್ಟು ಆಗುವ ವಸ್ತು) ಕೊನೆಯ ಎರಡು-ಮೂರು ದಿನಗಳ ತಂಬಾಕಿನ ಹೊಗೆಯನ್ನು ತಿಳಿಸುತ್ತದೆ, ಕೂದಲು ಅದಕ್ಕೂ ಹಿಂದಿನ ತಿಂಗಳುಗಳನ್ನು ತಿಳಿಸುತ್ತದೆ. 'ಮನೆಯಲ್ಲಿ ಯಾರಾದರೂ ಸೇದುತ್ತಾರಾ' ಎಂದು ದುಃಖದಲ್ಲಿರುವವರನ್ನು ಕೇಳಿ ಪಡೆದ ಉತ್ತರಕ್ಕಿಂತ ಇದು ಎಷ್ಟೋ ನಂಬಲರ್ಹ. ಉಳಿದ ಮಾದರಿಯನ್ನು ಕುಟುಂಬದ ಒಪ್ಪಿಗೆ ಪಡೆದು ಮೈನಸ್ 80 ಡಿಗ್ರಿಯಲ್ಲಿ ಕಾಪಿಟ್ಟು, ಸ್ಥಳ ಪರಿಶೀಲನೆಯ ಫಾರ್ಮಿಗೂ ಮಾದರಿಗೂ ಒಂದೇ ಸಂಖ್ಯೆ ಕೊಡಬೇಕು. ಎರಡೂ ಬೇರೆಬೇರೆ ಕಚೇರಿಗಳ ಕಪಾಟಿನಲ್ಲಿ ಉಳಿದರೆ ಮುಂದೆ ಯಾವ ಸಂಶೋಧಕರೂ ಅವನ್ನು ಜೋಡಿಸಲಾರರು.

– ಶಿಶು ಮರಣದ ಅಧ್ಯಯನದಲ್ಲಿ ತೊಡಗಿರುವ ವೈದ್ಯರು